ಓದುಗರ ಪ್ರಶ್ನೆ, ನಮ್ಮ ಉತ್ತರ: ಸೋಂಕಿನ ಕಾಲದಲ್ಲಿ ಸೇವಾ ಪ್ರವಾಸ

ಪ್ರಶ್ನೆ: ನಾನು ಸ್ಟಾಫ್ ನರ್ಸ್. ಇಪ್ಪತ್ತು ದಿನ ರಜೆ ಕೂಡಿಸಿಟ್ಟಿದ್ದೇನೆ. ಉಗಾಂಡದಲ್ಲಿ ಮೊದಲು ಐದು ದಿನ ಸುತ್ತಾಡಿ, ಗೊರಿಲ್ಲಾ ನೋಡಿ, ಆಮೇಲೆ ಎರಡು ವಾರ ಹಳ್ಳಿಯ ಕ್ಲಿನಿಕ್ಕಿನಲ್ಲಿ ಸೇವೆ ಮಾಡುವ ಆಸೆ. ಕೊರೊನಾ ಇನ್ನೂ ಇದೆ. ಹೋಗಬಹುದೇ?
– ಓದುಗಿ, ಬಳ್ಳಾರಿ

ಉತ್ತರ: ಹೋಗಬಹುದು, ಆದರೆ ಈ ಕ್ರಮದಲ್ಲಿ ಬೇಡ. ವಿಮಾನ, ಹೋಟೆಲು, ಸಫಾರಿ ಗಾಡಿ ಎಲ್ಲ ಮುಗಿಸಿ ನೇರವಾಗಿ ರೋಗಿಯ ಪಕ್ಕ ನಿಂತರೆ, ದಾರಿಯಲ್ಲಿ ಅಂಟಿದ್ದು ನಿಮ್ಮ ಜೊತೆಗೇ ಕ್ಲಿನಿಕ್ಕಿನೊಳಗೆ ಬರುತ್ತದೆ. ಕೊರೊನಾ ಲಕ್ಷಣ ಹೆಚ್ಚಿನವರಲ್ಲಿ ಐದಾರು ದಿನಕ್ಕೆ, ಕೆಲವರಲ್ಲಿ 14 ದಿನಕ್ಕೆ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಇಳಿದ ಮೇಲೆ ಕನಿಷ್ಠ ಐದು ದಿನ ಗಾಳಿಯಾಡುವ ಒಂದೇ ಕೋಣೆಯಲ್ಲಿದ್ದು, ಪರೀಕ್ಷೆ ಮಾಡಿಸಿ, ಆಮೇಲೆ ಕೆಲಸಕ್ಕೆ ಹೋಗಿ.

ಹಾಗಾದರೆ ಗೊರಿಲ್ಲಾ ಕೊನೆಗಿರಲಿ ಎನ್ನುತ್ತೀರೇನೋ. ಅದೂ ಸರಿಹೋಗದು. ಮನುಷ್ಯರ ನೆಗಡಿ, ಕೆಮ್ಮು ಅವುಗಳಿಗೂ ಅಂಟುತ್ತದೆ, ಪ್ರಾಣಕ್ಕೇ ಕುತ್ತಾಗಬಹುದು. ಕೊರೊನಾ ಬಂದ ಮೇಲೆ ಗೊರಿಲ್ಲಾಗಳಿರುವ ಬ್ವಿಂಡಿ ಕಾಡಿನಲ್ಲಿ ಮಾಸ್ಕ್ ಕಡ್ಡಾಯವಾಯಿತು, 7 ಮೀಟರ್ ಇದ್ದ ಅಂತರ 10 ಮೀಟರ್ ಆಯಿತು. ರೋಗಿಗಳ ನಡುವೆ ಎರಡು ವಾರ ಇದ್ದು ಮರುದಿನವೇ ಅಲ್ಲಿಗೆ ಹೋಗಬಾರದು, ನಡುವೆ ಮತ್ತೆ ಕೆಲವು ದಿನ ಬಿಡುವು ಬೇಕು. ನಿಮ್ಮ ಇಪ್ಪತ್ತು ದಿನಕ್ಕೆ ಇಷ್ಟೆಲ್ಲ ಹಿಡಿಸುವುದಿಲ್ಲ. ಈ ಸಲ ಗೊರಿಲ್ಲಾ ಬಿಡಿ. ಉಳಿದ ಒಂದೆರಡು ದಿನ ಜನಸಂದಣಿಯಿಲ್ಲದ ಕೆರೆದಂಡೆಯಲ್ಲೋ ಬೆಟ್ಟದಲ್ಲೋ ಕಳೆಯಿರಿ.

ಕಾಗದಪತ್ರದ ವಿಷಯ. ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಇಲ್ಲದೆ ಉಗಾಂಡದೊಳಗೆ ಬಿಡುವುದಿಲ್ಲ. ಲಸಿಕೆ ಹಾಕಿಸಿಕೊಂಡ 10 ದಿನದ ನಂತರವೇ ಅದು ಊರ್ಜಿತ; ಆಮೇಲೆ ಜೀವನಪೂರ್ತಿ ನಡೆಯುತ್ತದೆ. ಅದಿಲ್ಲದೆ ಅಲ್ಲಿಂದ ಮರಳಿದರೆ ನಮ್ಮ ವಿಮಾನ ನಿಲ್ದಾಣದಲ್ಲೂ 6 ದಿನದವರೆಗೆ ಕ್ವಾರಂಟೈನ್ ಮಾಡುತ್ತಾರೆ. ಇದು ಮಾನ್ಯತೆ ಪಡೆದ ಕೇಂದ್ರಗಳಲ್ಲಿ ಮಾತ್ರ ಸಿಗುವ ಲಸಿಕೆ, ಬೆಂಗಳೂರಿಗೆ ಹೋಗಿಬರುವ ದಿನವನ್ನೂ ಲೆಕ್ಕಕ್ಕೆ ಹಿಡಿಯಿರಿ. ಮೊಟ್ಟೆಯ ಅಲರ್ಜಿ ಇದ್ದರೆ ಅಥವಾ ಗರ್ಭಿಣಿಯಾಗಿದ್ದರೆ ಮೊದಲೇ ವೈದ್ಯರಿಗೆ ಹೇಳಿ. ಪ್ರವಾಸಿ ವೀಸಾದಲ್ಲಿ ಸೇವೆ ಮಾಡಬಹುದೇ, ಅಲ್ಲಿನ ನರ್ಸಿಂಗ್ ಕೌನ್ಸಿಲ್‌ನ ತಾತ್ಕಾಲಿಕ ನೋಂದಣಿ ಬೇಕೇ ಎಂಬುದಕ್ಕೆ ಕ್ಲಿನಿಕ್ಕಿನವರಿಂದ ಬರಹದಲ್ಲೇ ಉತ್ತರ ತರಿಸಿಕೊಳ್ಳಿ. "ಬನ್ನಿ, ಏನೂ ತೊಂದರೆಯಿಲ್ಲ" ಎಂಬ ವಾಟ್ಸ್ಆ್ಯಪ್ ಮಾತಿಗೆ ಟಿಕೆಟ್ ತೆಗೆಯಬೇಡಿ.

ಆರ್‌ಟಿ-ಪಿಸಿಆರ್ ಎಂಬ ಕೊರೊನಾ ಪರೀಕ್ಷೆಯ 72 ಗಂಟೆಯೊಳಗಿನ ವರದಿ ಕೇಳುತ್ತಿದ್ದರೆ ಆ 72 ಗಂಟೆ ಎಣಿಸುವುದು ಸ್ವಾಬ್ ಕೊಟ್ಟ ಹೊತ್ತಿನಿಂದ, ವರದಿ ಬಂದ ಹೊತ್ತಿನಿಂದಲ್ಲ. ಬಹಳ ಜನ ಎಡವುವುದು ಇಲ್ಲೇ. ಬೆಂಗಳೂರಿನಿಂದ ಶುಕ್ರವಾರ ಬೆಳಗಿನ ಜಾವ 4ಕ್ಕೆ ವಿಮಾನ ಎಂದರೆ ಸೋಮವಾರ ಕೊಟ್ಟ ಸ್ವಾಬ್ ನಡೆಯದು. ಮಂಗಳವಾರ ಬೆಳಿಗ್ಗೆ ಬಳ್ಳಾರಿಯಲ್ಲಿ ಕೊಟ್ಟು, ಬುಧವಾರ ವರದಿ ಕೈಗೆ ಬಂದರೆ ಗುರುವಾರ ಹೊರಡಬಹುದು. ಕೆಲವು ದೇಶಗಳು ವಿಮಾನ ಹತ್ತುವ ಹೊತ್ತಿಗಲ್ಲ, ಇಳಿಯುವ ಹೊತ್ತಿಗೆ ಎಣಿಸುತ್ತಿದ್ದವು. ವರದಿಯಲ್ಲಿ ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಇರಲಿ. ಇನಿಷಿಯಲ್ ಒಂದು ಹಿಂದುಮುಂದಾದರೂ ಕೌಂಟರಿನಲ್ಲಿ ತಡೆಯಬಹುದು.

ಉಗಾಂಡದಲ್ಲಿ ಮಲೇರಿಯಾ ಜಾಸ್ತಿ. ಅದನ್ನು ತಡೆಯಲು ವೈದ್ಯರು ಡಾಕ್ಸಿಸೈಕ್ಲಿನ್ ಬರೆದುಕೊಟ್ಟರೆ ದಿನಕ್ಕೆ 100 ಮಿಲಿಗ್ರಾಂ, ಹೊರಡುವ ಒಂದೆರಡು ದಿನ ಮುಂಚೆ ಶುರುಮಾಡಿ ಮರಳಿದ ಮೇಲೂ 4 ವಾರ ನಡೆಸಬೇಕು. ಊಟದ ಜೊತೆ ತುಂಬು ಲೋಟ ನೀರಿನಲ್ಲಿ ನುಂಗಿ, ಕೂಡಲೇ ಮಲಗಬೇಡಿ, ಅನ್ನನಾಳ ಸುಡುತ್ತದೆ. ಜ್ವರ ಬಂದರೆ "ಕೊರೊನಾ ಇರಬೇಕು" ಎಂದು ಕೋಣೆ ಸೇರಿ ಮಲಗುವುದು ಅಪಾಯ: ಅದೇ ದಿನ ಮಲೇರಿಯಾ, ಕೊರೊನಾ ಎರಡೂ ಪರೀಕ್ಷೆ ಆಗಲಿ. ಎನ್95 ಮಾಸ್ಕ್ ದಿನಕ್ಕೆ ಎರಡರಂತೆ ಮನೆಯಿಂದಲೇ ಒಯ್ಯಿರಿ. ಅಲ್ಲಿನ ಸಿಬ್ಬಂದಿಗೆಂದು ಇಟ್ಟ ಪೆಟ್ಟಿಗೆಗೆ ಕೈ ಹಾಕಬೇಡಿ.

ಕೊನೆಯದಾಗಿ ಹಣ. 2020ರ ಮಾರ್ಚ್ 22ರಿಂದ ಭಾರತಕ್ಕೆ ವಿದೇಶಿ ವಿಮಾನಗಳೇ ನಿಂತವು; ಸಿಕ್ಕಿಬಿದ್ದವರನ್ನು ಕರೆತರುವ ವಂದೇ ಭಾರತ್ ವಿಮಾನಗಳು ಶುರುವಾದದ್ದು ಮೇ 7ಕ್ಕೆ. ಆರು ವಾರ ದಾಟಿತು. ಹಾಗೆ ಸಿಕ್ಕಿಬಿದ್ದರೆ ಎಂದು 14 ದಿನದ ಊಟ-ವಸತಿಗಾದರೂ ಬೇರೆ ಹಣ ತೆಗೆದಿಡಿ. ವಿಮೆಯ ಪಾಲಿಸಿಯಲ್ಲಿ ಸಾಂಕ್ರಾಮಿಕವನ್ನೂ ಆಸ್ಪತ್ರೆ ಕೆಲಸವನ್ನೂ ಹೊರಗಿಟ್ಟಿದ್ದಾರೆಯೇ ಎಂದು ಓದಿ ನೋಡಿ.

ಪ್ರಶ್ನೆ: ಕಾಂಬೋಡಿಯಾದ ಅನಾಥಾಶ್ರಮದಲ್ಲಿ ಒಂದು ವಾರ ಇಂಗ್ಲಿಷ್ ಕಲಿಸಿ, ಆಮೇಲೆ ಅಂಕೋರ್‌ವಾಟ್ ನೋಡುವ ಪ್ಯಾಕೇಜ್ ಸಿಕ್ಕಿದೆ. ಒಳ್ಳೆಯದೇ?
– ಪದವಿ ವಿದ್ಯಾರ್ಥಿ, ರಾಯಚೂರು

ಉತ್ತರ: ದಯವಿಟ್ಟು ಬೇಡ. ಅಂಥ ಆಶ್ರಮಗಳ ಎಷ್ಟೋ ಮಕ್ಕಳಿಗೆ ತಾಯಿಯೋ ತಂದೆಯೋ ಇದ್ದಾರೆ. ಪ್ರವಾಸಿಗಳ ದುಡ್ಡು ಬರುತ್ತದೆಂದೇ ಮಕ್ಕಳನ್ನು ಮನೆಯಿಂದ ತಂದು ತುಂಬುವವರಿದ್ದಾರೆ. ವಾರಕ್ಕೊಬ್ಬರು ಬಂದು ಮುದ್ದಾಡಿ ಬಿಟ್ಟುಹೋದರೆ ಆ ಮಗುವಿಗೆ ಏನಾಗುತ್ತದೆ ಯೋಚಿಸಿ. ಈ ಬಗೆಯ ಸೇವೆಯಿಂದಾಗುವ ಹಾನಿಯನ್ನು ತಡೆಯಬೇಕೆಂದು ವಿಶ್ವಸಂಸ್ಥೆಯ ಮಹಾಸಭೆ 2019ರ ಡಿಸೆಂಬರಿನಲ್ಲೇ ನಿರ್ಣಯ ಮಾಡಿದೆ. ಸೋಂಕಿನ ಕಾಲದಲ್ಲಂತೂ ಒಂದೇ ಕೋಣೆಯಲ್ಲಿ ಮಲಗುವ ಮಕ್ಕಳ ನಡುವೆ ಹೊಸಬರು ಹೋಗಲೇಬಾರದು. ಅಂಕೋರ್‌ವಾಟ್ ನೋಡಿ ಬನ್ನಿ, ಊರಿನವರ ವಸತಿಗೃಹದಲ್ಲಿ ಉಳಿದು, ಊರಿನ ಗೈಡಿಗೆ ನ್ಯಾಯವಾದ ಕೂಲಿ ಕೊಡಿ. ಕಲಿಸುವ ಆಸೆಯನ್ನು ನಿಮ್ಮ ಓಣಿಯ ಮಕ್ಕಳೊಂದಿಗೆ ತೀರಿಸಿಕೊಳ್ಳಿ, ಅವರ ಜೊತೆ ವರ್ಷಪೂರ್ತಿ ಇರಬಹುದು.

ಪ್ರಶ್ನೆ: ನಮ್ಮ ಹೋಂಸ್ಟೇಗೆ ಬಂದ ವಿದೇಶಿ ದಂಪತಿ ಊರ ಶಾಲೆಯಲ್ಲಿ ಒಂದು ವಾರ ಪಾಠ ಮಾಡಿ ಐವತ್ತು ಸಾವಿರ ರೂಪಾಯಿ ಕೊಡುತ್ತೇವೆ ಎನ್ನುತ್ತಿದ್ದಾರೆ. ಏನು ಮಾಡಲಿ?
– ಓದುಗರು, ಆನೆಗೊಂದಿ, ಕೊಪ್ಪಳ ಜಿಲ್ಲೆ

ಉತ್ತರ: ಅವರು ಬಂದ 24 ಗಂಟೆಯೊಳಗೆ ವಿದೇಶಿ ಅತಿಥಿಗಳ ವಿವರ ಕೊಡುವ ಫಾರ್ಮನ್ನು (ಹಿಂದೆ ಫಾರ್ಮ್ ಸಿ) ಆನ್‌ಲೈನಿನಲ್ಲಿ ತುಂಬಿದ್ದೀರಾ? ಮೊದಲು ಅದು. ಭಾರತದ ಇ-ಟೂರಿಸ್ಟ್ ವೀಸಾದಲ್ಲಿ ಸಂಬಳ, ಪ್ರತಿಫಲ ಯಾವುದೂ ಇಲ್ಲದೆ ಗರಿಷ್ಠ ಒಂದು ತಿಂಗಳು ಸ್ವಯಂಸೇವೆಗೆ ಅವಕಾಶವಿದೆ. ಪಾಠಕ್ಕೆ ಬದಲಾಗಿ ಬಾಡಿಗೆ ಮುರಿದುಕೊಂಡರೆ ಅದೂ ಪ್ರತಿಫಲವಾಗುತ್ತದೆ. ಮುಖ್ಯೋಪಾಧ್ಯಾಯರ ಒಪ್ಪಿಗೆಯಿಲ್ಲದೆ ಶಾಲೆಗೆ ಕರೆದೊಯ್ಯಬೇಡಿ. ಪಾಠ ನಡೆದರೆ ಬೇವಿನ ಮರದಡಿ, ಬಯಲಿನಲ್ಲಿ, ಶಾಲೆಯ ಶಿಕ್ಷಕರ ಎದುರಿಗೇ ನಡೆಯಲಿ.

ಹಣ ಮಾತ್ರ ಬೇಡ. ವಿದೇಶಿ ಪ್ರಜೆ ರೂಪಾಯಿಯಲ್ಲಿ ಕೊಟ್ಟರೂ ಅದು ವಿದೇಶಿ ದೇಣಿಗೆಯೇ. ಎಫ್‌ಸಿಆರ್‌ಎ ಎಂಬ ವಿದೇಶಿ ದೇಣಿಗೆ ಕಾಯ್ದೆಯಡಿ ನೋಂದಣಿ ಅಥವಾ ಪೂರ್ವಾನುಮತಿ ಇದ್ದು, ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೆ ಬಂದರೆ ಮಾತ್ರ ಸಕ್ರಮ. ಶಾಲೆಗೆ ಕಂಪ್ಯೂಟರ್ ಕೊಡಿಸಿದರೂ ಅದೇ ಲೆಕ್ಕ. ಊರಿಗೆ ಒಳ್ಳೆಯದು ಮಾಡಬೇಕೆಂದಿದ್ದರೆ ನಿಮ್ಮೂರ ಹೆಂಗಸರು ಬಾಳೆನಾರಿನಲ್ಲಿ ಹೆಣೆದ ಚೀಲ, ಬುಟ್ಟಿಗಳನ್ನು ಚೌಕಾಶಿ ಮಾಡದೆ ಕೊಳ್ಳಲಿ, ಹರಿಗೋಲಿನವರಿಗೆ ಕೇಳಿದಷ್ಟು ಕೊಡಲಿ. ಅದು ವ್ಯಾಪಾರ, ಕಾನೂನಿನ ತೊಡಕಿಲ್ಲ.