ಮುಚ್ಚಿದ ಯುರೇನಿಯಂ ಗಣಿಯ ಪಕ್ಕದ ಜೌಗು ನೆಲದಲ್ಲಿ ವಿಕಿರಣ ಏಕೆ ಉಳಿಯುತ್ತದೆ? ಬೆಂಗಳೂರಿನ ಕೆರೆಗಳಿಗೂ ಈ ಭಯ ಇದೆಯೇ?

ಮೊದಲು ಬೆಂಗಳೂರಿನ ಮಾತು. ನಮ್ಮಲ್ಲಿ ಯುರೇನಿಯಂ ಗಣಿ ಇಲ್ಲ. ಬೆಳ್ಳಂದೂರು, ವರ್ತೂರು ಕೆರೆಗಳ ಗೋಳು ಬೇರೆಯದು, ಅದು ಚರಂಡಿ ನೀರಿನದು.

ಗಣಿಯೊಳಗೆ ಗಾಳಿ, ನೀರು ಹೊಕ್ಕಾಗ ಅದಿರಿನ ಯುರೇನಿಯಂ ಆಕ್ಸಿಜನ್ ಜೊತೆ ಸೇರಿ ಕರಗುತ್ತದೆ. ಗಣಿ ಮುಚ್ಚಿದ ಮೇಲೂ ಆ ನೀರು ಒಸರುತ್ತಾ ತಗ್ಗಿನ ಜೌಗಿಗೆ ಬಂದು ಸೇರುತ್ತದೆ. ಜೌಗಿನ ಕಪ್ಪು ಕೆಸರನ್ನು ಒಂದು ಗೇಣು ಬಗೆದರೆ ಸಿಗುವುದು ಕೊಳೆತ ಎಲೆ, ಬೇರು, ಕೆಟ್ಟ ಮೊಟ್ಟೆಯ ವಾಸನೆ. ಆಕ್ಸಿಜನ್ ಇಲ್ಲದ ಆ ಪದರದಲ್ಲಿ ಬ್ಯಾಕ್ಟೀರಿಯಾಗಳ ಚಟುವಟಿಕೆಯಿಂದ ಯುರೇನಿಯಂ ಕರಗದ ರೂಪಕ್ಕೆ ತಿರುಗುತ್ತದೆ. ಒಂದಷ್ಟು ಕೊಳೆತ ಸಸ್ಯಾಂಶಕ್ಕೆ ಅಂಟಿಕೊಳ್ಳುತ್ತದೆ. ಹೀಗೆ ಜೌಗು ಜರಡಿಯಂತೆ ಅದನ್ನು ಹಿಡಿದಿಡುತ್ತದೆ.

ಹಾಗೆ ಹಿಡಿದದ್ದು ಶಾಶ್ವತವೇನಲ್ಲ. ಬೇಸಿಗೆಯಲ್ಲಿ ಕೆಸರು ಒಣಗಿ ಬಿರುಕು ಬಿಟ್ಟರೆ ಗಾಳಿ ಒಳಹೊಕ್ಕು ಯುರೇನಿಯಂ ಮತ್ತೆ ಕರಗಿ ಹರಿಯಬಹುದು. ಆದ್ದರಿಂದ ಇಂಥ ಜೌಗನ್ನು ಯೋಚಿಸದೆ ಬತ್ತಿಸುವುದು, ಹೂಳೆತ್ತುವುದು ನನ್ನ ಪ್ರಕಾರ ಬಹಳ ಅಪಾಯದ ಕೆಲಸ. ಯುರೇನಿಯಂ ಜೊತೆಗೆ ಬರುವ ವಿಕಿರಣಶೀಲ ಧಾತು ರೇಡಿಯಂ-226ರ ಅರ್ಧಾಯು, ಅಂದರೆ ಅದು ಅರ್ಧಕ್ಕೆ ಇಳಿಯಲು ಬೇಕಾದ ಕಾಲ, ಸುಮಾರು 1600 ವರ್ಷ. ಪೂರ್ವ ಜರ್ಮನಿಯ ವಿಸ್ಮುಟ್ ಕಂಪನಿಯ ಯುರೇನಿಯಂ ಗಣಿಗಳಲ್ಲಿ ಉತ್ಪಾದನೆ ನಿಂತದ್ದು 1990ರ ಕೊನೆಗೆ; ಗಣಿ ನೀರಿನ ಶುದ್ಧೀಕರಣ ದಶಕಗಳ ನಂತರವೂ ಮುಗಿದಿಲ್ಲ.

ಬೆಂಗಳೂರಿಗರು ಗಮನ ಕೊಡಬೇಕಾದದ್ದು ಬೋರ್‌ವೆಲ್ ನೀರಿಗೆ. ಆಳದ ಗ್ರಾನೈಟ್ ಬಂಡೆಯಲ್ಲಿ ಸಹಜವಾಗಿಯೇ ಯುರೇನಿಯಂ ಇರುತ್ತದೆ, ಅದು ನೀರಿಗೂ ಇಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 30 ಮೈಕ್ರೋಗ್ರಾಂ. ಲ್ಯಾಬಿಗೆ ನೀರು ಕೊಡುವಾಗ ಯುರೇನಿಯಂ ಪರೀಕ್ಷೆಯೂ ಬೇಕೆಂದು ಕೇಳಿ ಮಾಡಿಸಿ. ಕುದಿಸಿದರೆ ಅದು ಹೋಗುವುದಿಲ್ಲ. ಆರ್‌ಓ ಫಿಲ್ಟರ್ ಬಹುಪಾಲನ್ನು ತೆಗೆಯುತ್ತದೆ.