ಕರುಳಿನಲ್ಲಿ ಹುಳುವಿರುವ ಮೀನನ್ನು ತಿನ್ನಬಹುದೇ?

ಪ್ರಶ್ನೆ: ವರದಾ ನದಿಯ ನೆರೆ ಇಳಿದ ಮೇಲೆ ಗದ್ದೆಯ ಹೊಂಡದಲ್ಲಿ ಕುಚ್ಚು ಮೀನು ಸಿಕ್ಕಿತು. ಕರುಳು ಸೀಳಿದರೆ ಒಳಗೋಡೆಗೆ ಬಿಳಿ ಹುಳುಗಳು ಕಚ್ಚಿಕೊಂಡಿದ್ದವು, ಎಳೆದರೂ ಬಿಡಲಿಲ್ಲ. ಮೀನು ತಿನ್ನಬಹುದೇ?

ಉತ್ತರ: ತಿನ್ನಬಹುದು. ಎಳೆದರೂ ಬಿಡದಿದ್ದರೆ ಅದು ಬಹುಮಟ್ಟಿಗೆ ಮುಳ್ಳುತಲೆ ಹುಳು. ಕುಚ್ಚು ಮೀನಿನಲ್ಲಿ ಕಾಣುವ ಪ್ಯಾಲಿಸೆಂಟಿಸ್ ಈ ಗುಂಪಿನದು. ಇದಕ್ಕೆ ಬಾಯಿಯೂ ಇಲ್ಲ, ಕರುಳೂ ಇಲ್ಲ. ಮೂತಿಯ ಕೊಕ್ಕೆಗಳನ್ನು ಗೋಡೆಗೆ ಚುಚ್ಚಿ ನಿಂತು, ಮೈಯಿಂದಲೇ ಆಹಾರ ಹೀರುತ್ತದೆ. ಚಪ್ಪಟೆಯಾಗಿದ್ದರೆ ಲಾಡಿಹುಳು. ಕೆಂಪು ದಾರದಂತಿದ್ದರೆ ರಕ್ತ ಕುಡಿಯುವ ಕ್ಯಾಮಲ್ಲಾನಸ್ ಎಂಬ ದುಂಡುಹುಳು ಇರಬಹುದು.

ಮೀನು ಹಿಡಿದ ಕೂಡಲೇ ಕರುಳನ್ನು ಒಡೆಯದೆ ಇಡಿಯಾಗಿ ತೆಗೆಯಿರಿ. ತಡಮಾಡಿದರೆ ಕೆಲವು ದುಂಡುಹುಳುಗಳು ಮಾಂಸಕ್ಕೆ ಇಳಿಯುತ್ತವೆ. ನಿಜವಾಗಿ ಹೆದರಬೇಕಾದದ್ದು ಕರುಳಿನ ಹುಳುವಿಗಲ್ಲ, ಮಾಂಸದಲ್ಲಿ ಸುರುಳಿಸುತ್ತಿ ಕೂರುವ ನ್ಯಾಥೋಸ್ಟೋಮ ಎಂಬ ದುಂಡುಹುಳುವಿನ ಮರಿಗೆ. ಅದು ಮನುಷ್ಯನ ಮೈಯೊಳಗೆ ಅಲೆದಾಡಬಲ್ಲದು. ಹುಣಸೆ, ನಿಂಬೆಹುಳಿ, ಉಪ್ಪು-ಖಾರ ಹಚ್ಚಿಟ್ಟರೆ ಅದು ಸಾಯುತ್ತದೆಂದು ನಂಬಬೇಡಿ. ದಪ್ಪ ತುಂಡಿನ ನಡುಭಾಗವೂ 63 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಮಾಂಸ ಮುಳ್ಳಿನಿಂದ ಸಲೀಸಾಗಿ ಬಿಡುವವರೆಗೆ ಬೇಯಿಸಿ. ಹೊರಗೆ ಸುಟ್ಟು ಒಳಗೆ ಹಸಿಯಾಗಿರುವ ಕೆಂಡದ ಮೀನು ಬೇಡ.

ಪ್ರಶ್ನೆ: ನಮ್ಮ ಹೊಂಡದ ಮೀನಿಗೂ ಈ ಹುಳು ಇದೆ. ಪೊಟ್ಯಾಸಿಯಂ ಪರ್ಮಾಂಗನೇಟ್ ಹಾಕಿದರೂ ಹೋಗಲಿಲ್ಲ, ಏಕೆ?

ಉತ್ತರ: ಆ ಔಷಧಿ ಮೈ ಮತ್ತು ಕಿವಿರಿನ ಮೇಲಷ್ಟೇ ಕೆಲಸ ಮಾಡುತ್ತದೆ, ಕರುಳಿಗೆ ತಲುಪುವುದಿಲ್ಲ. ಉಪ್ಪುನೀರಿನ ಸ್ನಾನವೂ ಹಾಗೆಯೇ. ಪ್ರಾಜಿಕ್ವಾಂಟೆಲ್ ಲಾಡಿಹುಳುವಿಗೆ ಒಳ್ಳೆಯ ಮದ್ದು, ಆದರೆ ಮುಳ್ಳುತಲೆ ಹುಳುವಿಗೆ ಅದನ್ನು ನೆಚ್ಚಬೇಡಿ. ಮದ್ದು ಕೊಟ್ಟರೂ ಹುಳು ಬರುವ ದಾರಿ ತೆರೆದೇ ಇದ್ದರೆ ಮತ್ತೆ ಬರುತ್ತದೆ. ಮುಳ್ಳುತಲೆ ಹುಳುವಿನ ಮೊಟ್ಟೆ ಮೀನಿನ ಮಲದೊಂದಿಗೆ ನೀರಿಗೆ ಬಿದ್ದು, ಅದನ್ನು ಸೈಕ್ಲಾಪ್ಸ್ ಎಂಬ ಸಣ್ಣ ಜಲಚರ ನುಂಗುತ್ತದೆ. ಸೈಕ್ಲಾಪ್ಸನ್ನು ಕಿರುಮೀನು ತಿಂದರೆ ಮರಿಹುಳು ಅದರ ಪಿತ್ತಜನಕಾಂಗದಲ್ಲಿ ಕಾದು ಕೂರುತ್ತದೆ. ಕಿರುಮೀನನ್ನು ಕುಚ್ಚು ತಿಂದಾಗ ಸರಪಳಿ ಪೂರ್ಣ. ನೆರೆ ಇಳಿದ ಹೊಂಡದಲ್ಲಿ ಇವೆಲ್ಲ ಒಂದೇ ಕಡೆ ಒತ್ತೊತ್ತಾಗಿ ಉಳಿಯುವುದರಿಂದ ಹುಳು ಹರಡುವುದು ಸುಲಭ.

ಹಾಗಾಗಿ ಕುಚ್ಚಿಗೆ ಹಸಿ ಕಿರುಮೀನು, ಕಪ್ಪೆ ಕೊಡುವುದನ್ನು ಮೊದಲು ನಿಲ್ಲಿಸಿ, ಕೊಡಲೇಬೇಕಿದ್ದರೆ ಬೇಯಿಸಿ ಕೊಡಿ. ನೀರು ಒಳಬರುವ ಬಾಯಿಗೆ ಸಣ್ಣ ಕಣ್ಣಿನ ಬಲೆ ಕಟ್ಟಿದರೆ ಅದು ಕಿರುಮೀನನ್ನು ತಡೆಯುತ್ತದೆ, ಸೈಕ್ಲಾಪ್ಸನ್ನು ತಡೆಯುವುದಿಲ್ಲ. ಬೇಸಿಗೆಯಲ್ಲಿ ಹೊಂಡ ಪೂರ್ತಿ ಬತ್ತಿಸಿ, ತಳ ಬಿರಿಯುವವರೆಗೆ ಒಣಗಿಸಿ, ಎಕರೆಗೆ ಸುಮಾರು 100 ಕೆಜಿ ಸುಣ್ಣ ಹರಡಿ. ಕೆಸರು ನಿಂತ ತಗ್ಗುಗಳಿಗೆ ಹೆಚ್ಚು ಹಾಕಿ. ಮುರುಗೋಡು ಎಂಬ ಮೀಸೆಮೀನು ಸಾಕುವವರಿಗೂ ಈ ಒಣಗಿಸುವಿಕೆ ಮುಖ್ಯ, ಅದರ ಲಾಡಿಹುಳು ಕೆಸರಿನ ಎರೆಯಂಥ ಹುಳುಗಳ ಮೂಲಕ ಬರುತ್ತದೆ.

ಪ್ರಶ್ನೆ: ಕಾಲೇಜಿನ ಪ್ರಯೋಗಕ್ಕೆ ಈ ಹುಳುಗಳನ್ನು ಕೆಡದಂತೆ ಇಡುವುದು ಹೇಗೆ?

ಉತ್ತರ: ಕರುಳನ್ನು ಲೀಟರ್ ನೀರಿಗೆ 7 ಗ್ರಾಂ ಉಪ್ಪು ಬೆರೆಸಿದ ದ್ರಾವಣದಲ್ಲಿ ಉದ್ದಕ್ಕೆ ಸೀಳಿ. ಮುಳ್ಳುತಲೆ ಹುಳುವನ್ನು ಕಿತ್ತರೆ ಮೂತಿ ಗೋಡೆಯಲ್ಲೇ ಉಳಿಯುತ್ತದೆ, ಸುತ್ತಲಿನ ಅಂಗಾಂಶವನ್ನು ಸೂಜಿಯಿಂದ ಬಿಡಿಸಿ ತೆಗೆಯಿರಿ. ಬಳಿಕ ಬರಿನೀರಿನಲ್ಲಿ ಹಾಕಿ ಕೆಲವು ಗಂಟೆ ಫ್ರಿಜ್‌ನಲ್ಲಿಡಿ. ಮೂತಿ ಹೊರಚಾಚುತ್ತದೆ, ಅದಿಲ್ಲದೆ ಕೊಕ್ಕೆ ಎಣಿಸಿ ಜಾತಿ ಗುರುತಿಸಲಾಗದು. ಆಮೇಲೆ 70 ಪ್ರತಿಶತ ಆಲ್ಕೋಹಾಲ್‌ಗೆ ಹಾಕಿ. ದುಂಡುಹುಳುವಿಗೆ ಅದೇ ಆಲ್ಕೋಹಾಲ್ ಬಿಸಿಯಾಗಿರಲಿ, ತಣ್ಣಗಿದ್ದರೆ ಸುರುಳಿಗಟ್ಟುತ್ತದೆ. ಬಿಸಿಮಾಡುವುದು ಬಿಸಿನೀರಿನ ಪಾತ್ರೆಯಲ್ಲಿಟ್ಟು, ನೇರ ಬೆಂಕಿಯ ಮೇಲಲ್ಲ.