ಕುದಿ ಬರುವ ಮೊದಲೇ ಆಫ್ ಆಗುವ ಬಾಯ್ಲರ್
ಬಿಯರ್ ಮಾಡುವ 2500 ವ್ಯಾಟ್ ಬಾಯ್ಲರ್ ಕುದಿ ಬರುವ ಮೊದಲೇ ಆಫ್ ಆಗುತ್ತದೆ, ತಣ್ಣಗಾದರೆ ಮತ್ತೆ ಶುರುವಾಗುತ್ತದೆ ಅಂದಿರಲ್ಲ, ಹಾಗಿದ್ದರೆ ಬಿಸಿ ಮಾಡುವ ಕಾಯಿಲ್ ಸುಟ್ಟಿಲ್ಲ. ಸುಮ್ನೆ ಹೊಸದು ತರಬೇಡಿ. ತಳಕ್ಕೆ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಸಕ್ಕರೆ ಕರಕಲಾಗಿ ಹಿಡಿದಿರಬೇಕು. ಶಾಖ ಮೇಲೆ ಹೋಗದೆ ತಳವೇ ಜಾಸ್ತಿ ಬಿಸಿಯಾಗಿ ಥರ್ಮಲ್ ಕಟೌಟ್ ಅನ್ನೋ ಸುರಕ್ಷತಾ ಸ್ವಿಚ್ ಕರೆಂಟ್ ಕಡಿಯುತ್ತದೆ. ಅದನ್ನು ಮಾತ್ರ ಬೈಪಾಸ್ ಮಾಡಲೇಬೇಡಿ. ಅಡುಗೆ ಸೋಡಾ ಹಾಕಿದ ನೀರು ಕಾಯಿಸಿ, ರಾತ್ರಿಯಿಡೀ ಬಿಟ್ಟು, ಮೆತ್ತನೆ ಸ್ಪಂಜಿನಿಂದ ಉಜ್ಜಿ.

ಆಮೇಲೂ ಹಾಗೇ ಆದರೆ ಪ್ಲಗ್ ಕಿತ್ತು, ಕೆಳಗಿನ ಮುಚ್ಚಳ ಬಿಚ್ಚಿ ನೋಡಿ. ಕಾರವಾರದ ಉಪ್ಪುಗಾಳಿಗೆ ಟರ್ಮಿನಲ್ (ವೈರ್ ಸೇರುವ ಜಾಗ) ಹಸಿರುಗಟ್ಟುವುದು ಮಾಮೂಲು, ಅಲ್ವಾ? ವೈರ್ ಕಳಚಿ ಮಲ್ಟಿಮೀಟರ್‌ನಲ್ಲಿ ಅಳೆದರೆ ಕಾಯಿಲ್ ಸುಮಾರು 21 ಓಮ್ ತೋರಿಸಬೇಕು. ಮನೆಯ ಇಎಲ್‌ಸಿಬಿಯೂ (ಕರೆಂಟ್ ಸೋರಿದರೆ ಆಫ್ ಆಗುವ ಸ್ವಿಚ್) ಬೀಳುತ್ತಿದ್ದರೆ ಕರೆಂಟ್ ಸೋರುತ್ತಿದೆ ಅಂತ, ಎಲೆಕ್ಟ್ರಿಷಿಯನ್‌ಗೇ ಕೊಡಿ. ಇನ್ನು ಮುಂದೆ ಮಾಲ್ಟ್ ಎಕ್ಸ್‌ಟ್ರಾಕ್ಟ್ ಹಾಕುವಾಗ ಸ್ವಿಚ್ ಆಫ್ ಮಾಡಿ, ಅದು ಪೂರ್ತಿ ಕರಗಿದ ಮೇಲೆ ಮತ್ತೆ ಸ್ವಿಚ್ ಆನ್ ಮಾಡಿ.